ಕೈ ಕೂರುವ ತನಕ

ಶೆಫೀಲ್ಡಿನ ಹೀಲಿಯಲ್ಲಿ, ಚಿಪ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ
ಬುಧವಾರ ಸಂಜೆ ಆರೂವರೆಗೆ
ಮೊರೀನ್ ಹ್ಯಾಸ್ಲಮ್ ನನ್ನ ಬಲಗೈ ಎತ್ತಿ ಅಲ್ಲಾಡಿಸುತ್ತಾರೆ,
ಮೀನು ಹಳತೋ ಹೊಸತೋ ನೋಡುವವರ ಹಾಗೆ.
'ಇದರೊಳಗೆ ಕಬ್ಬಿಣ ತುಂಬಿದವರು ಯಾರಯ್ಯ?'

ಹದಿನಾರನೆಯ ವಯಸ್ಸಿಗೇ ಕಾರ್ಖಾನೆ ಸೇರಿ
ಚಮಚಗಳಿಗೆ ಹೊಳಪು ಕೊಟ್ಟ ಕೈ ಅವರದು.
ತಿರುಗುವ ಚಕ್ರಕ್ಕೆ ಒತ್ತಿ ಹಿಡಿದರೆ
ಚಮಚ ಹಾರಿ ಗೋಡೆಗೆ ಬಡಿಯುತ್ತಿತ್ತಂತೆ,
ಕೂಲಿಯಲ್ಲಿ ಕಡಿತ.
'ತಾಗಿಸು. ಒತ್ತಬೇಡ.'
ತುದಿಯಷ್ಟೇ ಇಣುಕುವಂತೆ ಪಿಕ್ಕನ್ನು ಹಿಂದೆ ಸರಿಸಿ
ತುಸು ಓರೆ ಮಾಡಿ ಬೆರಳಿಗಿಡುತ್ತಾರೆ:
ತಂತಿ ಬಾಗಿಲಲ್ಲ ತಟ್ಟುವುದಕ್ಕೆ,
ನುಸುಳಿ ಹೋಗು.

ನಾನು ಟ್ರ್ಯಾಮ್ ಓಡಿಸುವವನು. ಐವತ್ತನಾಲ್ಕು.
ದಾವಣಗೆರೆಯ ಬಸ್ಸುಗಳ ಬೆನ್ನ ಮೇಲೆ ಅಕ್ಷರ ಕಲಿತವನು:
ಅವಸರವೇ ಅಪಘಾತಕ್ಕೆ ಕಾರಣ.
ಅರ್ಥ ಹೇಳಿದೆ. ಬರೆದು ಅಂಟಿಸು ಅಂದರು, ನಿನ್ನ ಲಿಪಿಯಲ್ಲೇ.
ಮೆಟ್ರೊನೋಮಿನ ಮೇಲುಗಡೆ ಅದೀಗ ನೇತಾಡುತ್ತಿದೆ.
ನನ್ನ ನಂತರ ಬರುವ ಎಂಟು ವರ್ಷದ ಕೆಲ್ಸಿ
ಬಳ್ಳಿಯ ಚಿತ್ರ ಅಂದುಕೊಂಡಿದ್ದಾಳೆ.

ಕೆಳಗೆ, ಮೇಲೆ, ಕೆಳಗೆ, ಮೇಲೆ.
ಒಂದೇ ತಂತಿಯಾದರೆ ನೂರಿಪ್ಪತ್ತಕ್ಕೂ ಸಲೀಸು, ಇರುವೆ ಸಾಲು.
ಪಕ್ಕದ ತಂತಿಗೆ ದಾಟುವಲ್ಲಿ ಮುಗ್ಗರಿಸುತ್ತೇನೆ.
ಎರಡರ ಸಂದಿಯಲ್ಲಿ ಸಿಕ್ಕಿದ ಪಿಕ್
ಬೋನಿನಲ್ಲಿ ಬಾಲ ಸಿಕ್ಕ ಇಲಿ.
ಮಣಿಕಟ್ಟು ಬಿಗಿ, ದವಡೆ ಬಿಗಿ, ಕಾಲ್ಬೆರಳೂ ಬಿಗಿ.
ಗಿಟಾರಿಗೆ ಕಾಲ್ಬೆರಳು ಯಾಕೆ ಬೇಕು?

ಇದು ಮೊರೀನ್ ಹೇಳಿದ್ದಲ್ಲ, ನನಗೇ ಹೊಳೆದದ್ದು:
ಪಾರ್ಕ್ ಸ್ಕ್ವೇರಿನಲ್ಲಿ ಹಳಿ ಕವಲೊಡೆಯುವಾಗ
ಗಾಡಿಯನ್ನು ನಾನು ತಿರುಗಿಸುವುದಿಲ್ಲ.
ನಾನು ಬರುವ ಮೊದಲೇ ಹಳಿ ತಿರುಗಿರುತ್ತದೆ.
ಕೈ ಕೂದಲೆಳೆಯಷ್ಟು ವಾಲಿದ್ದರೆ
ಮೇಲೇರುವ ಏಟು ತಾನಾಗಿ ಗಾಳಿಗೆ ತೇಲುತ್ತದೆ,
ಇಳಿಯುವಾಗ ಆಚೆ ತಂತಿ ದಾರಿಯಲ್ಲೇ ನಿಂತಿರುತ್ತದೆ.

ಕೊನೆಯ ಟ್ರ್ಯಾಮ್ ಮುಗಿಸಿ ಬಂದ ರಾತ್ರಿ, ಅಡುಗೆಮನೆಯಲ್ಲಿ,
ಸದ್ದಾಗದಿರಲೆಂದು ತಂತಿಗಳಡಿ ಪಾತ್ರೆ ಒರೆಸುವ ಬಟ್ಟೆ ತುರುಕಿ
ಹನ್ನೆರಡು ಸ್ವರ, ಮೂರು ಸಲ,
ಎಣ್ಣೆ ಇಳಿದ ಹಾಗೆ.
ನಾಲ್ಕನೆಯದನ್ನು ನಾನು ನೋಡಿದೆ.
ನೋಡಿದ್ದೇ, ಹೋಯಿತು.

'ನಮ್ಮಲ್ಲಿ ಕೈ ಕೂರಬೇಕು ಅಂತೀವಿ.'
'ಕೂತು ಏನು ಮಾಡುತ್ತೆ?' ಎಂದರು ಮೊರೀನ್,
ಶುಂಠಿ ಬೇರಿನಂತೆ ಗಂಟುಗಟ್ಟಿದ ಬೆರಳಿಂದ
ವಿನೆಗರ್ ಒರೆಸಿಕೊಳ್ಳುತ್ತ.
ವೇಗವಾಗಿ ನುಡಿಸಿ ತೋರಿಸಲು ಅವರಿಗೀಗ ಆಗುವುದಿಲ್ಲ.
ಮುಳ್ಳನ್ನು ಐವತ್ತಕ್ಕೆ ಇಳಿಸಿ
ಕಣ್ಣು ಮುಚ್ಚಿ ಕಾದರು.