ಅರ್ಧ ಸ್ವರ ಕೆಳಗೆ

ಬೆಳಿಗ್ಗೆ ಎಂಟಕ್ಕೇ ಶುರು. ಫೆಬ್ರವರಿ. ಡುಲುತ್.
ಕಿಟಕಿಯಾಚೆ ಹೆಪ್ಪುಗಟ್ಟಿದ ಸರೋವರ
ಆಗಾಗ ಒಳಗಿಂದೊಳಗೇ ನರಳುತ್ತದೆ,
ನಿದ್ದೆಯಲ್ಲಿ ಹಲ್ಲು ಕಡಿಯುವ ಮಗುವಿನ ಹಾಗೆ.
ನಾನು ಪಿಯಾನೋದವಳು. ಪಕ್ಕವಾದ್ಯ.
ಮೂವತ್ತೊಂದು ಮಂದಿ, ತಲಾ ಹದಿಮೂರು ನಿಮಿಷ,
ತಲೆಗಿಷ್ಟು ಡಾಲರು, ಮಧ್ಯಾಹ್ನ ಒಂದು ಸ್ಯಾಂಡ್‌ವಿಚ್.

ಮೇಜಿನ ಹಿಂದೆ ಮೂವರು.
ಅವರ ಮುಂದೆ ನೀರು, ಪೆನ್ಸಿಲ್ಲು,
ಪೂರ್ತಿ, ಅರ್ಧ, ಕಾಲು, ಏನೂ ಇಲ್ಲ
ಎಂದು ಗೆರೆ ಎಳೆದ ವಿದ್ಯಾರ್ಥಿವೇತನದ ಹಾಳೆ.

ಬಂದವರೆಲ್ಲ ನನ್ನತ್ತ ನೋಡುವುದು ಒಂದೇ ಸಲ,
ಬಸ್ಸು ಹತ್ತುವಾಗ ಡ್ರೈವರನ ಮುಖ ನೋಡಿದ ಹಾಗೆ.
ಒಬ್ಬಳು ಅಜ್ಜಿಯ ಮುತ್ತಿನ ಸರ ಬಿಚ್ಚಿ
‘ಗಂಟಲು ಹಿಡಿಯುತ್ತೆ’ ಎಂದು ನನ್ನ ಕೈಗಿತ್ತಳು,
ಹಾಡಿದಳು, ಸರ ಮರೆತು ಹೋದಳು.
ಒಬ್ಬ ಬರೀ ಕೈಗಳಲ್ಲೇ ಹಾಡಿದ.
ಇನ್ನೊಬ್ಬಳ ದನಿ ಎಷ್ಟು ಚೊಕ್ಕವೆಂದರೆ
ನನಗೆ ಆಕಳಿಕೆ ಬಂತು, ದೇವರು ಕ್ಷಮಿಸಲಿ.

ಹತ್ತೊಂಬತ್ತನೆಯವನು ಐಸಾಕ್ ನಿಯೆಮೆಲಾ.
ಗಣಿಯ ಊರಿನವನು; ಬೂಟಿನಿಂದ ಕರಗಿದ ಹಿಮ
ನೆಲದ ಮೇಲೆ ಕೆಂಪಗೆ.
ಅವನು ತಂದ ಜೆರಾಕ್ಸಿನಲ್ಲಿ ಕೆಳಸಾಲೇ ಇರಲಿಲ್ಲ.
ನನ್ನ ಎಡಗೈಗೆ ಸೇರಬೇಕಾದದ್ದೆಲ್ಲ
ಎವೆಲೆತ್ತಿನ ಯಾವುದೋ ಲೈಬ್ರರಿಯ
ಗಾಜಿನ ಮೇಲೇ ಉಳಿದಿತ್ತು.
‘ಪರವಾಗಿಲ್ಲ, ನೆನಪಿದೆ’ ಎಂದೆ.
ಅರ್ಧ ನೆನಪು, ಅರ್ಧ ಊಹೆ.

ಬಗ್ಗಿ ಪಿಸುಗುಟ್ಟಿದ: ‘ಮ್ಯಾಮ್, ನೆಗಡಿ.
ಎರಡನೇ ಪುಟದ ಆ ಮೇಲಿನದು…
ಮನೆಯಲ್ಲಿ ಬರುತ್ತಿತ್ತು.’

ಮನೆಯಲ್ಲಿ ಬರುತ್ತಿತ್ತು.
ಈ ಸ್ಟೂಲಿನ ಮೇಲೆ ಮೂವತ್ತು ವರ್ಷ ಕೂತು
ನಾನು ಅತಿ ಹೆಚ್ಚು ಕೇಳಿದ ವಾಕ್ಯ.
ಬಾತ್‌ರೂಮಿನಲ್ಲಿ, ಟ್ರಕ್ಕಿನಲ್ಲಿ, ಹಿಮ ಗೋರುವಾಗ,
ಯಾರೂ ಕೇಳದಿದ್ದಾಗ
ಎಲ್ಲರಿಗೂ ಬರುತ್ತಿತ್ತು.

ನಿಯಮವಿದೆ: ಬರೆದದ್ದನ್ನು
ಬರೆದ ಶ್ರುತಿಯಲ್ಲೇ ನುಡಿಸತಕ್ಕದ್ದು.
ಸಹಿ ಹಾಕಿದ್ದೇನೆ, ಇದೇ ಕೈಯಿಂದ.
ಇದೇ ಕೈ, ನನ್ನನ್ನೂ ಕೇಳದೆ,
ಅರ್ಧ ಸ್ವರ ಕೆಳಗೆ ಹೋಗಿ ಕೂತಿತು,
ಬಿಳಿಮನೆ ಬಿಟ್ಟು ಕರಿಮನೆಗಳ ಮೇಲೆ,
ಕರೆಂಟು ಹೋದಾಗ ಗೋಡೆ ಸವರಿಕೊಂಡು
ಮೆಟ್ಟಿಲು ಇಳಿದ ಹಾಗೆ.

ಅವನಿಗೆ ಗೊತ್ತಾಗಲಿಲ್ಲ.
ಮೊದಲ ಸಾಲು ಮಂಕು. ಎರಡನೆಯದಕ್ಕೆ ಉಸಿರು ಸಾಲಲಿಲ್ಲ.
ಇಟಾಲಿಯನ್ ಮಾತುಗಳನ್ನು
ಬಿಸಿ ತುತ್ತಿನಂತೆ ಬಾಯಲ್ಲಿ ಹೊರಳಿಸುತ್ತಿದ್ದ.
ಎರಡನೇ ಪುಟ.
ಹಾಳೆ ತಿರುವುವ ನೆಪದಲ್ಲಿ ನಾನು
ಕೂದಲೆಳೆಯಷ್ಟು ಕಾದೆ. ಅವನು ಹತ್ತಿದ.
ಚೆಂದವೇನಲ್ಲ. ಅಂಚಿಗೆ ತುಸು ತರಿ,
ಆದರೆ ನಿಂತ. ನಿಂತೇ ಇದ್ದ.
ಪೆಡಲಿನ ಮೇಲೆ ನನ್ನ ಕಾಲು ಮರೆತುಹೋಗಿತ್ತು.

ಎಡತುದಿಯ ಡಾಕ್ಟರ್ ಲುಂಡೆ,
ಫ್ರಿಜ್ಜಿನ ಗುಂಯ್‌ಗೂ ಸ್ವರದ ಹೆಸರು ಹೇಳುವ ಕಿವಿಯವಳು,
ತಲೆ ಎತ್ತಿದಳು.
ಅವನನ್ನಲ್ಲ, ನನ್ನನ್ನು ನೋಡಿದಳು.
ಮುಖವನ್ನು ಭಾನುವಾರದ ಅಂಗಡಿಯಂತೆ
ಮುಚ್ಚಿಟ್ಟುಕೊಂಡೆ.
ಏನೋ ಬರೆದಳು. ಉದ್ದದ್ದೋ, ಒಂದೇ ಪದವೋ,
ನನ್ನ ಕನ್ನಡಕಕ್ಕೆ ಅಷ್ಟು ದೂರ ಕಾಣದು.

ಬಾಗಿಲಲ್ಲಿ ಹುಡುಗ ತಿರುಗಿ,
ಬಂತು! ಎಂಬಂತೆ ಹುಬ್ಬೇರಿಸಿದ.
ನಾನೂ ಏರಿಸಿದೆ. ಬಂತು.

ಇಷ್ಟಕ್ಕೇ ನಿಲ್ಲಿಸಿದ್ದರೆ ಒಳ್ಳೆಯವಳಾಗಿ ಉಳಿಯುತ್ತಿದ್ದೆ.
ಇಪ್ಪತ್ತನೆಯವಳು ಬಂದಳು. ಅವಳಿಗೂ ನೆಗಡಿಯೇ,
ಕೈತೋಳಿನೊಳಗೆ ಟಿಶ್ಯೂ ಮುದ್ದೆ.
ಅವಳು ಏನೂ ಕೇಳಲಿಲ್ಲ.
ಡಾಕ್ಟರ್ ಲುಂಡೆಯ ಪೆನ್ಸಿಲ್ಲು ಇನ್ನೂ ಗಾಳಿಯಲ್ಲಿತ್ತು.
ಬರೆದದ್ದನ್ನು ಬರೆದ ಶ್ರುತಿಯಲ್ಲೇ ನುಡಿಸಿದೆ,
ಒಂದು ಸ್ವರವೂ ತಪ್ಪದೆ.
ಅವಳು ಮೇಲೆ ಹೋಗಿ ಒಡೆದಳು.
‘ಸಾರಿ’ ಎಂದಳು, ನನಗೆ.
ಹೆಸರು ಮರೆತೆ ಎನ್ನಬಹುದು. ಮರೆತಿಲ್ಲ:
ಡೀಲಿಯಾ ಬೋಪ್ರೇ.

ನಾಲ್ಕೂವರೆಗೆ ಮುಚ್ಚಳ ಹಾಕಿದೆ.
ಮುತ್ತಿನ ಸರವನ್ನು ಆಫೀಸಿಗೆ ಕೊಟ್ಟು ರಸೀದಿ ಪಡೆದೆ.
ಕಾರಿನ ಗಾಜಿನ ಮಂಜು ಕೆರೆದೆ.
ಮನೆ ತಲುಪುವ ತನಕ
ಸ್ಟೀರಿಂಗಿನ ಮೇಲೆ ಎಡಗೈ
ಅವಳ ಹಾಡನ್ನು ನುಡಿಸುತ್ತಿತ್ತು,
ಅರ್ಧ ಸ್ವರ ಕೆಳಗೆ.