ಆರರಿಂದ ಸುರು

ಮುಬೀನಾನ ಎಡಗಾಲಿಗೆ ಪ್ಲಾಸ್ಟರು.
ಪೇರಲ ಗಿಡದಿಂದ ಬಿದ್ದಾಕಿ,
ಒಂದೂವರಿ ತಿಂಗಳು ಹೊಸ್ತಿಲಾ ದಾಟೂಹಂಗಿಲ್ಲ.
ಕೂತು ಕೂತು ಬ್ಯಾಸರಾಗಿ
ಕಡೀಕೆ ನನಗ ಕಲಸಾಕ ಹಿಡದಳು:
"ಹಂಪವ್ವಾಯಿ, ಮೊಲಾ ಹೆಣಿಯೂಣು.
ಮೊಲಾ ಭಾಳ ಸಸಾರ, ಎಲ್ಲಾ ಬರೇ ಗುಂಡಗ."

ಹನ್ನೊಂದು ವರ್ಷದ ಅಕ್ಕೋರು.
ಅರವತ್ತೆರಡರ ಹುಡುಗಿ ನಾನು.

ದಾರಾ ಬೆರಳಿಗೆ ಎರಡು ಸುತ್ತರಿ.
ಕ್ರೋಶಾ ಕಡ್ಡಿ ಮೂತಿ ತೂರಿಸಿ ಒಂದು ಕುಣಿಕಿ ಎಳೀರಿ,
ಕುಣಿಕ್ಯಾಗಿಂದ ಮತ್ತೊಂದು ಕುಣಿಕಿ.
ಹಿಂಗ ಆರು.
ಆಮ್ಯಾಲೆ ಬಾಲಾ ಹಿಡದು ಜಗ್ಗರಿ,
ನಡುವಿನ ತೂತು ತಾನ ಬಾಯಿ ಮುಚ್ಚತೈತಿ.

ನಂದು ಮುಚ್ಚಲಿಲ್ಲ.
"ಬಿಚ್ಚರಿ," ಅಂದಳು.

ಬೆಟಗೇರಿ ಮಗ್ಗದ ಮನಿಗೆ ಸೊಸಿಯಾಗಿ ಬಂದಾಕಿ ನಾ.
ನಲವತ್ತು ವರ್ಷ ರಾಟಿ ತಿರುವಿ
ಕಂಡಕಿ ಸುತ್ತಿದ ಕೈ ಇವು.
ಹಾಸು ಗೊತ್ತು, ಹೊಕ್ಕು ಗೊತ್ತು,
ಕರೆಂಟ್ ಹೋದಾಗ ಹರದ ಎಳಿಗೆ
ಕತ್ತಲದಾಗ ಗಂಟು ಹಾಕೂದೂ ಗೊತ್ತು.
ಒಂದ ದಾರಾ
ತನ್ನ ಕೊಳ್ಳಾಗಿಂದ ತಾನ ಹಾದು
ತನಗ ತಾನ ಆತುಕೊಂಡು ನಿಲ್ಲೂದು
ಗೊತ್ತಿರಲಿಲ್ಲ.

ಒಂದೊಂದು ಹೊಲಿಗಿಗೆ 'ಮನಿ' ಅಂತಾಳ ಮುಬೀನಾ.
ಎರಡನೇ ಸುತ್ತಿನಾಗ ಮನಿಗೆ ಇಬ್ಬರು, ಹನ್ನೆರಡು.
ಮೂರನೇದಕ್ಕ ಹದಿನೆಂಟು.
ಬಾಜೂ ಮನಿ ಪಾವರ್‌ಲೂಮು ಖಟಾಖಟ್ ಖಟಾಖಟ್
ನನ್ನ ಎಣಿಕಿ ತಿಂದು ಹಾಕತಿತ್ತು.
ಹದಿನೇಳಾದ್ರ ತಲಿ ಸೊಟ್ಟ,
ಹತ್ತೊಂಬತ್ತಾದ್ರ ಗಲ್ಲಕ್ಕ ಬಾವು.
"ಬಿಚ್ಚರಿ."
"ಅಯ್ಯ, ಒಂದ ಮನಿ ಅಲ್ಲೇನವಾ?"
"ಒಂದಾದ್ರೂ ತಪ್ಪ ತಪ್ಪ. ಬಿಚ್ಚರಿ."

ಎದಿ ಧಸಕ್ ಅಂತಿತ್ತು ನಂದು.
ತಪ್ಪು ಬಿದ್ದ ಸೀರಿ ಗಾದಿ ಮ್ಯಾಲೆ ಹಾಸಿ
ಸಾವಕಾರ ಬೆರಳಿಟ್ಟು ತೋರಸತಿದ್ದ:
ಇದಕ್ಕ ಇಷ್ಟು ಮುರಕೋತೀನಿ, ಇದಕ್ಕ ಇಷ್ಟು.
ನಮ್ಮವರು ತಲಿ ಕೆಳಗ ಹಾಕಿ
ತಮ್ಮ ಅಂಗಿ ಗುಂಡಿ ತಾವ ನೋಡಕೋತ ನಿಂತಿರತಿದ್ರು.

ಇಲ್ಲಿ ಕಡ್ಡಿ ತಗದು ಜಗ್ಗಿದ್ರ
ಪುರ್ರಂತ ಬಿಚ್ಚಿ
ದಾರಾ ದಾರಾನ ಆಗಿ ಮಡಲಿಗೆ ಬಂತು,
ಒಂಚೂರು ಗುಂಗುರು ಗುಂಗುರು, ಅಷ್ಟ.
ಯಾರೂ ಏನೂ ಮುರಕೊಳ್ಳಲಿಲ್ಲ.

ಅವತ್ತು ಬೇಕಂತ ಇನ್ನೆರಡು ಸಲ ತಪ್ಪಿದೆ.

ತಲಿ ಆತು, ಮೈ ಆತು, ಜೋತಾಡೂ ಕಿವಿ ಎರಡಾದವು.
ಹೊಟ್ಟಿಗೆ ಏನ ತುಂಬೂದು?
ಅಟ್ಟದ ಮ್ಯಾಲಿನ ಚೀಲ ಇಳಿಸಿದೆ.
ಮಗ್ಗ ಗುಜರಿಗೆ ಹೋದ ದಿನ
ಕುಣ್ಯಾಗಿಂದ ಬಳದಿಟ್ಟ ತುಂಡು ಎಳಿ:
ಕೆಂಪು, ಗಿಳಿ ಹಸರು, ಸೀರಿ ಅಂಚಿನ ಅರಿಶಿಣ.
"ಗಿಚ್ಚಗ ತುಂಬಬ್ಯಾಡ್ರಿ, ಹೊಲಿಗಿ ಹಲ್ಲು ಕಿಸೀತಾವ."
ತುಂಬಿದೆ. ಕಿಸದ್ವು.
ಬಿಳೇ ಮೊಲದ ಪಕ್ಕಡ್ಯಾಗಿಂದ
ಕೆಂಪು ಇಣಕಿ ನೋಡತಿತ್ತು.

ಕಣ್ಣಿಗೆ ಟ್ರಂಕಿನ್ಯಾಗಿನ ನೀಲಿ ಅಂಗಿಯಿಂದ
ಎರಡು ಗುಂಡಿ ಕಿತ್ತೆ.
ನೆಲಾ ನೋಡಬಾರದು ಇವು ಅಂತ
ಒಂದೀಟು ಮ್ಯಾಲೆ ಹಚ್ಚಿದೆ.

ಮುಬೀನಾ ತಿರುವಿ ತಿರುವಿ ನೋಡಿ ಅಂದಳು:
"ಹಂಪವ್ವಾಯಿ, ಕಣ್ಣು ನೆತ್ತಿ ಮ್ಯಾಲೆ ಅದಾವ.
ಇದು ಮೊಲಾ ಅಲ್ಲ, ಕಿವಿ ಇದ್ದ ಕಪ್ಪಿ.
ಹತ್ತಕ್ಕ ನಾಕು. ಬಿಚ್ಚರಿ."
"ಇದೊಂದು ಬಿಚ್ಚೂದಿಲ್ಲವಾ."
ಆಕಿ ಸಿಟ್ಟಿಗೆದ್ದು
ಗೆಳತ್ಯಾರ ಸಹಿ ನಡುವ, ಮೊಣಕಾಲ ಹತ್ರ,
ಪ್ಲಾಸ್ಟರಿನ ಮ್ಯಾಲೆ ಪೆನ್ನಿಲೆ ಬರದಳು:
ಹಂಪವ್ವಾಯಿ, ನಾಕು.

ಮುಂದಿನ ಸೋಮವಾರ ದವಾಖಾನ್ಯಾಗ
ಪ್ಲಾಸ್ಟರ್ ಕೊಯ್ದು ಬುಟ್ಟಿಗೆ ಒಗದ್ರಂತ.
ನನ್ನ ನಾಕೂ ಅದರ ಕೂಡ ಹೋತು.

ಈಗ ಎರಡನೇದು ಹಿಡದೀನಿ.
ಬೆರಳಿಗೆ ಎರಡು ಸುತ್ತು, ಕಡ್ಡಿ, ಕುಣಿಕಿ.
ಆರಕ್ಕ ಬಾಲಾ ಜಗ್ಗಿದೆ.
ಮುಚ್ಚತು.

ತೋರಸಾಕ
ಆಕಿ ಸಾಲಿ ಬಿಡೂತನಾ ಕಾಯಬೇಕು.