ಏಳನೆಯ ಹಂತ

ರಾತ್ರಿ ಎಂಟೂವರೆಗೆ ನನ್ನ ತರಗತಿ.
ಮತ್ತಿಕೆರೆಯ ಎರಡನೇ ಮಹಡಿ, ಇಸ್ತ್ರಿ ಮೇಜಿನ ಮೇಲೆ ಲ್ಯಾಪ್‌ಟಾಪು,
ಎತ್ತರ ಸಾಲದೆ ಅದರಡಿ ಎರಡು ಹಳೆಯ ಟೆಲಿಫೋನ್ ಡೈರೆಕ್ಟರಿ.
ನಲವತ್ತೊಂದು ಕಪ್ಪು ಚೌಕ, ಒಂದೊಂದಕ್ಕೂ ಒಂದು ಹೆಸರು,
ಹೆಸರಿನ ಹಿಂದೆ ಒಮ್ಮೊಮ್ಮೆ ಕುಕ್ಕರಿನ ಸೀಟಿ,
ಯಾರದೋ ಮಗು, ಪೀಣ್ಯದ ಲೇತೊಂದರ ಕಿರ್ರು.
"ಕೇಳಿಸ್ತಿದೆಯಾ?" ಅನ್ನುತ್ತೇನೆ.
ನಮ್ಮ ಕಾಲದ ನಾಂದಿ ಇದು.

ಕಲಿಸುವುದು ತಾಂತ್ರಿಕ ಬರವಣಿಗೆ:
ಒಂದು ಹಂತಕ್ಕೆ ಒಂದೇ ಕೆಲಸ.
ಕ್ರಿಯಾಪದ ಮೊದಲು ಬರಲಿ ಅನ್ನುತ್ತದೆ ಇಂಗ್ಲಿಷ್ ಪಠ್ಯ;
ನಮ್ಮಲ್ಲಿ ಅದು ಕೊನೆಗೇ ಬರುವ ನೆಂಟ,
ಎಲ್ಲರೂ ಪಂಕ್ತಿಯಲ್ಲಿ ಕೂತ ಮೇಲೆ ಬಂದು
ಊಟ ಶುರು ಮಾಡಿಸುವವನು.
ವಿಶೇಷಣ ಬೇಡ. "ಸುಮಾರು" ಬೇಡವೇ ಬೇಡ.
"ಸ್ವಲ್ಪ" ಅಂದರೆ ಎಷ್ಟು, ಎಷ್ಟು ಎಂದು ಕೇಳಿ ಕೇಳಿ
ಸಾರಿಗೆ ಉಪ್ಪು ಹಾಕಲೂ ಈಗ ಕೈ ತಡೆಯುತ್ತದೆ.

ಮೂರನೇ ವಾರ ಕೊಟ್ಟ ಕೆಲಸ:
ನೀವು ದಿನಾ ಮಾಡುವುದನ್ನು ಗೊತ್ತಿಲ್ಲದವರಿಗೆ ಬರೆದು ತಿಳಿಸಿ.
ತಬಸ್ಸುಮ್ ಬರೆದಳು ಕಾಲರ್ ಹೊಲಿಯುವ ಬಗೆ,
ಫಿಲೋಮಿನಾ ಇನ್ಸುಲಿನ್ ಚುಚ್ಚುವ ಬಗೆ;
ಒಬ್ಬ ಟೀ ಮಾಡುವುದನ್ನು ಎಲ್ಲಿಂದಲೋ ಎತ್ತಿ ಅಂಟಿಸಿದ್ದ,
ಅದರಲ್ಲಿ ಹಾಲೇ ಇರಲಿಲ್ಲ.
ಗಂಗಹನುಮಯ್ಯ, ಲಗ್ಗೆರೆ ಕಡೆ ನೀರು ಬಿಡುವವನು
(ಗುರುತುಚೀಟಿಯಲ್ಲಿ ವಾಲ್ವ್‌ಮನ್,
ಅವನ ತಾತನ ಬಾಯಲ್ಲಿ ನೀರುಗಂಟಿ),
ಫೋನಿನಲ್ಲಿ, ಹೆಬ್ಬೆರಳಿನಲ್ಲಿ, ಒಂದೂವರೆ ಪುಟ ಬರೆದಿದ್ದ:

ಒಂದು. ಮುಚ್ಚಳ ಎತ್ತಿ. ಚೇಳಿದೆಯೇ ನೋಡಿ.
ನಾಲ್ಕು. ಎಡಕ್ಕೆ ಹನ್ನೊಂದೂವರೆ ಸುತ್ತು.
ಅವಸರ ಮಾಡಿದರೆ ಪೈಪು ಕೆಮ್ಮುತ್ತದೆ.
ಏಳು. ಕೊನೇ ಮನೆ ಸಾಕಮ್ಮನ ಎರಡನೇ ಕೊಡ
ತುಂಬುವವರೆಗೆ ಕಾಯಿರಿ.
ಎಂಟು. ಮುಚ್ಚಿ.

ಓದುತ್ತ ನಗು ಬಂತು. ಹಿಂದೆಯೇ ಕೆಂಪು ಶಾಯಿ.
"ಕೆಮ್ಮುತ್ತದೆ": ರೂಪಕ, ತೆಗೆಯಿರಿ.
"ಸಾಕಮ್ಮ": ಓದುಗರಿಗೆ ಪರಿಚಯವಿಲ್ಲ, ಅಳತೆ ಕೊಡಿ.
ಕೊಟ್ಟ. ನಲವತ್ತು ನಿಮಿಷ.
ಹತ್ತಕ್ಕೆ ಒಂಬತ್ತು ಹಾಕಿ
ಮಾದರಿ ಎಂದು ತರಗತಿಗೂ ತೋರಿಸಿದೆ.

ಮೇ ತಿಂಗಳಲ್ಲಿ ಎರಡು ವಾರ ಅವನ ಚೌಕ ಇರಲಿಲ್ಲ.
ಹೆಂಡತಿಯ ಹೆರಿಗೆ, ವಾಣಿವಿಲಾಸದ ವರಾಂಡ.
ಬದಲಿಗೆ ಬಂದ ಹುಡುಗನ ಕೈಗೆ
ನಾವಿಬ್ಬರೂ ತಿದ್ದಿದ ಹಾಳೆ ಕೊಟ್ಟು ಹೋಗಿದ್ದನಂತೆ.
ಹುಡುಗ ಅಕ್ಷರ ಬಿಡದೆ ನಡೆದುಕೊಂಡ:
ಹನ್ನೊಂದೂವರೆ ಸುತ್ತು, ನಲವತ್ತು ನಿಮಿಷ, ಮುಚ್ಚಿದ.
ಬೇಸಿಗೆಯ ನೀರಿಗೆ ಮೈಯಲ್ಲಿ ಕಸುವಿರುವುದಿಲ್ಲ,
ಏರು ಹತ್ತಿ ಕೊನೆಯ ಮನೆ ಮುಟ್ಟಲು ಐವತ್ತಾದರೂ ಬೇಕು.
ನಾಲ್ಕು ಸರದಿ ಸಾಕಮ್ಮನ ನಲ್ಲಿ ಗಾಳಿ ಉಗುಳಿತು.
ಅವಳು ಯಾರನ್ನೂ ಬಯ್ಯಲಿಲ್ಲವಂತೆ,
ಪಕ್ಕದ ಬೀದಿಯಿಂದ ಹೊತ್ತಳಂತೆ, ಮೊದಲು ಕೊಡ,
ಆಮೇಲೆ ಬರೀ ಚೊಂಬು.

ದೂರೆಂದು ಹೇಳಲಿಲ್ಲ ಅವನು ಇದನ್ನು.
ಮೊದಲ ಸಲ ಕ್ಯಾಮೆರಾ ಹಾಕಿದ್ದ, ಮಗು ತೋರಿಸಲು;
ಮಗುವನ್ನು ನೋಡಲೆಂದು ಒಂದೊಂದೇ ಚೌಕ ಬೆಳಗಿ
ನನ್ನ ವಿದ್ಯಾರ್ಥಿಗಳಿಗೆ ಮುಖಗಳಿರುವುದು ಅಂದು ಗೊತ್ತಾಯಿತು.
ಅದೇ ದನಿಯಲ್ಲಿ, ಮಗುವಿನ ಟೋಪಿ ಸರಿಮಾಡುತ್ತ,
"ಮೇಡಂ, ಏಳನೇದು ವಾಪಸ್ ಹಾಕ್ಲಾ?"

ಹಾಕಿ, ಹಾಕಿ ಎಂದೆ. ಮ್ಯೂಟಿನಲ್ಲಿದ್ದೆ.
"ಕೇಳಿಸ್ತಿಲ್ಲ ಮೇಡಂ" ಎಂದರು ಎಲ್ಲರೂ.

ಹತ್ತು ಗಂಟೆಗೆ ಕಡತ ತೆರೆದು ನಾನೇ ಕೂರಿಸಿದೆ
ಸಾಕಮ್ಮನನ್ನು, ಅವಳ ಎರಡು ಕೊಡದ ಸಮೇತ.
ಕೆಮ್ಮನ್ನೂ ಪೈಪಿಗೆ ಮರಳಿಸಿದೆ.
ಅಂಕ ಮಾತ್ರ ಒಂಬತ್ತೇ.
ಚೇಳಿದ್ದರೆ ಏನು ಮಾಡಬೇಕೆಂದು
ಅವನು ಇನ್ನೂ ಬರೆದಿಲ್ಲ.